ನಿಲ್ಲಮ್ಮ ಮಿಸ್ಸಿನ ಒಂದೇ ಸಾಲು

ಮಿಸ್ಸಿಗೆ ಮನೆಯಲ್ಲಿ ಪುಟ್ಟಿ ಎಂದು ಹೆಸರು, ವಯಸ್ಸು ಐವತ್ತಮೂರು. ಅವರನ್ನು ಹಾಗೆ ಕರೆಯುವವರು ಈಗ ಭೂಮಿಯ ಮೇಲೆ ಒಬ್ಬರೇ ಉಳಿದಿದ್ದರು, ಅವರ ಅಕ್ಕ. ನಗರದ ಮೂರು ಶಾಲೆಗಳಲ್ಲಿ ಅವರು ನಿಲ್ಲಮ್ಮ ಮಿಸ್. ಡ್ಯಾನ್ಸ್ ಟೀಚರಿಗೆ ಇದೆಂಥ ಹೆಸರು ಎಂದು ಹೊಸಬರು ಹುಬ್ಬೇರಿಸುತ್ತಿದ್ದರು. ಕಾರಣ ದೊಡ್ಡದೇನಲ್ಲ. ತರಗತಿಗೆ ಬಂದ ಮಗು ಮೊದಲ ದಿನವೇ ಕೈಕಾಲು ಆಡಿಸಿ ತನ್ನ ಪ್ರತಾಪ ತೋರಿಸಲು ಹೊರಟರೆ, ಹುಡುಗಿಯಾದರೆ “ನಿಲ್ಲಮ್ಮ” ಎನ್ನುತ್ತಿದ್ದರು, ಹುಡುಗನಾದರೆ “ನಿಲ್ಲಪ್ಪ” ಎನ್ನುತ್ತಿದ್ದರು. ಮೊದಲ ಮೂರು ತಿಂಗಳು ಅವರು ಹೇಳಿಕೊಡುತ್ತಿದ್ದುದು ಅದೊಂದನ್ನೇ: ನಿಲ್ಲುವುದು.

ನಾಲ್ಕನೆಯ ತಿಂಗಳು ನಡೆಯುವುದು. ಐದನೆಯ ತಿಂಗಳು ಬೀಳುವುದು. ಬೀಳುವ ತಿಂಗಳಲ್ಲಿ ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಿ ಮಾಡಿ ಕೆಳಗಿನ ಮನೆಯವರು ಮೇಲೆ ಬಂದು ಬಾಗಿಲು ತಟ್ಟುತ್ತಿದ್ದರು. ಆರನೆಯ ತಿಂಗಳಿಗೆ ಮಕ್ಕಳು ಕೊನೆಗೂ ಕುಣಿಯತೊಡಗುತ್ತಿದ್ದರು, ಅದೂ ಸಂಗೀತವಿಲ್ಲದೆ. ಅವರ ಕೊಠಡಿಯ ಒಂದು ಬದಿಗೆ ಲೈಬ್ರರಿ, ಇನ್ನೊಂದು ಬದಿಗೆ ಯಾವಾಗ ನೋಡಿದರೂ ಪರೀಕ್ಷೆ. ಸದ್ದು ಮಾಡುವ ಹಾಗಿರಲಿಲ್ಲ. ಹಾಗಾದರೆ ತಾಳ ಎಲ್ಲಿಂದ ಬರಬೇಕು? ಪಕ್ಕದವರ ಭುಜದಿಂದ ಎಂದು ಮಿಸ್ಸು ಹೇಳುತ್ತಿದ್ದರು. ಕೈ ಎತ್ತುವ ಮೊದಲು ಭುಜ ಏಳುತ್ತದೆ, ಕೈ ಸುಳ್ಳು ಹೇಳಬಹುದು, ಭುಜಕ್ಕೆ ಆ ಬುದ್ಧಿವಂತಿಕೆ ಇಲ್ಲ. ಪಕ್ಕದವರ ಭುಜ ನೋಡು, ಅದು ಎದ್ದರೆ ಏಳು, ಅದು ನಿಂತರೆ ನಿಲ್ಲು. ಇಷ್ಟೇ ಅವರ ಶಾಸ್ತ್ರ.

ಈ ಶಾಸ್ತ್ರ ಅವರಿಗೆ ಸಿಕ್ಕಿದ್ದು ಅಕ್ಕನಿಂದ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಡ್ಯಾನ್ಸ್ ಕ್ಲಾಸಿಗೆ ಹೋಗುತ್ತಿದ್ದರು. ಅಕ್ಕ ಉದ್ದ, ತಂಗಿ ಗಿಡ್ಡ. ಅಕ್ಕ ಮೂರನೆಯ ಸಾಲು, ತಂಗಿ ನಾಲ್ಕನೆಯದು. ಏಳು ವರ್ಷ ಪುಟ್ಟಿಗೆ ಗುರುಗಳ ಮುಖವೇ ಕಾಣಲಿಲ್ಲ. ಕಂಡದ್ದು ಅಕ್ಕನ ಬೆನ್ನು, ಅಕ್ಕನ ಜಡೆ, ಅಕ್ಕನ ಎರಡು ಭುಜ. ಅವುಗಳಿಂದಲೇ ಅವಳು ಇಡೀ ವಿದ್ಯೆ ಕಲಿತಳು. ಆಮೇಲೆ ಅಕ್ಕ ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಕೋರ್ಟಿನಲ್ಲಿ ಟೈಪಿಸ್ಟ್ ಆಗಿ, ಮೂವತ್ತು ವರ್ಷ ಊರಿನ ಜಗಳಗಳನ್ನೆಲ್ಲ ಮೂರು ಪ್ರತಿಗಳಲ್ಲಿ ಟೈಪು ಮಾಡಿ ನಿವೃತ್ತರಾದರು. ಕುಣಿದದ್ದು ಒಂದು ಹೆಜ್ಜೆಯೂ ಅವರಿಗೆ ನೆನಪಿರಲಿಲ್ಲ. ಇಬ್ಬರೂ ಮದುವೆಯಾಗಲಿಲ್ಲ, ಎರಡು ಕೋಣೆಯ ಮನೆಯಲ್ಲಿ ಒಂದು ಟೈಪ್‌ರೈಟರ್, ಒಂದು ನಿಲುವುಗನ್ನಡಿ ಇಟ್ಟುಕೊಂಡು ಹಾಯಾಗಿದ್ದರು.

ಮಿಸ್ಸಿನ ಕಷ್ಟವೆಲ್ಲ ಕಾಗದದ ಜೊತೆ. ಶಾಲೆಯವರು ಪ್ರತಿ ಮಗುವಿಗೂ ಒಂದು ಫಾರಂ ಕೊಡುತ್ತಿದ್ದರು. ತಾಳ, ಭಾವ, ಶಿಸ್ತು ಎಂದು ಮೂರು ಕಾಲಂ, ತಲಾ ಹತ್ತು ಅಂಕ. ಮಿಸ್ಸು ಅಂಕದ ಜಾಗದಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದರು. ‘ಮೊಣಕೈ ಚುರುಕು, ಮನಸ್ಸಿಲ್ಲ.’ ‘ಬಿದ್ದ ಮೇಲೆ ಏಳಲು ಆತುರ, ನೆಲದ ಮೇಲೆ ನಂಬಿಕೆ ಬರಬೇಕು.’ ಒಬ್ಬ ಹುಡುಗನಿಗೆ ‘ಎಡಗಾಲಿಗೆ ಇನ್ನೂ ನಾಚಿಕೆ ಹೋಗಿಲ್ಲ’ ಎಂದು ಬರೆದಾಗ ಅವನ ಅಪ್ಪ ಗಾಬರಿಯಿಂದ ಮಗನನ್ನು ಮೂಳೆ ಡಾಕ್ಟರ ಬಳಿಗೆ ಕರೆದೊಯ್ದ. ಎಕ್ಸ್‌ರೇ ಆಯಿತು. ಎಡಗಾಲು ಎಲ್ಲ ರೀತಿಯಿಂದಲೂ ಬಲಗಾಲಿನಷ್ಟೇ ಸರಿಯಾಗಿದೆ ಎಂದು ಡಾಕ್ಟರು ಸರ್ಟಿಫಿಕೇಟು ಬರೆದುಕೊಟ್ಟರು. ಮಿಸ್ಸು ಅದನ್ನು ಎರಡು ಸಲ ಓದಿ, ಡಾಕ್ಟರು ಹುಡುಗ ನಿಂತದ್ದನ್ನು ನೋಡಿಲ್ಲ, ಮಲಗಿಸಿ ನೋಡಿದ್ದಾರೆ ಎಂದು ಹೇಳಿ ಫೈಲಿಗೆ ಹಾಕಿದರು.

ಇಂಥ ಮಿಸ್ಸಿನ ತಲೆಯ ಮೇಲೆ ಆ ವರ್ಷ ಮೊದಲನೆಯ ಸಾಲಿನ ಪೀಕಲಾಟ ಬಂದು ಬಿತ್ತು.

ಮೂರು ಶಾಲೆಗಳಲ್ಲಿ ದೊಡ್ಡದು ಮುಖ್ಯರಸ್ತೆಯದು. ಅಲ್ಲಿ ವಾರ್ಷಿಕೋತ್ಸವಕ್ಕೆ ಎಂಬತ್ತೊಂದು ಮಕ್ಕಳ ಒಂದು ನೃತ್ಯ ಆಗಬೇಕೆಂದು ತೀರ್ಮಾನವಾಗಿತ್ತು. ವೇದಿಕೆ ಚಿಕ್ಕದು, ಮಕ್ಕಳು ಹತ್ತು ಹನ್ನೆರಡು ಸಾಲು ನಿಲ್ಲಬೇಕು. ಪೋಷಕರ ಸಂಘದ ಅಧ್ಯಕ್ಷರು ಒಬ್ಬ ಹಲ್ಲಿನ ಡಾಕ್ಟರು. ತಮ್ಮ ಮಗನಿಗೆ ಐದನೆಯ ಸಾಲು ಎಂದು ತಿಳಿದ ದಿನ ಅವರು ಶಾಲೆಗೆ ಬಂದು, ಹಿಂದಿನ ಸಾಲಿನಲ್ಲಿ ನಿಂತ ಮಗುವಿನ ಆತ್ಮವಿಶ್ವಾಸ ಹುಳುಕು ಹಲ್ಲಿನ ಹಾಗೆ ಒಳಗಿಂದೊಳಗೇ ಟೊಳ್ಳಾಗುತ್ತದೆ ಎಂದು ಹೆಡ್‌ ಮಿಸ್ಸಿಗೆ ವಿವರಿಸಿದರು. ಮರುದಿನ ಇನ್ನೂ ಹನ್ನೊಂದು ಮಂದಿ ಬಂದರು. ಅದರ ಮರುದಿನ ನಲವತ್ತು. ಹೆಡ್‌ ಮಿಸ್ಸು ಸ್ವಭಾವತಃ ಯಾರಿಗೂ ಇಲ್ಲ ಎನ್ನಲಾರದವರು. ಅವರ ಮೇಜಿನ ಮೇಲೆ ಪೇಪರ್‌ವೇಟುಗಳಿಗಿಂತ ತಲೆನೋವಿನ ಮಾತ್ರೆಗಳೇ ಹೆಚ್ಚು. ನಾಲ್ಕನೆಯ ದಿನ ಅವರು ಎಲ್ಲರನ್ನೂ ಸಮಾಧಾನಪಡಿಸುವಂಥ ಒಂದು ಆದೇಶ ಹೊರಡಿಸಿ ಕೈ ತೊಳೆದುಕೊಂಡರು: ‘ನೃತ್ಯದಲ್ಲಿ ಭಾಗವಹಿಸುವ ಎಲ್ಲಾ ಮಕ್ಕಳನ್ನೂ ಯಾವುದೇ ತಾರತಮ್ಯವಿಲ್ಲದೆ ಮೊದಲನೇ ಸಾಲಿನಲ್ಲಿಯೇ ನಿಲ್ಲಿಸತಕ್ಕದ್ದು.’

ಪೋಷಕರು ಖುಷಿಯಿಂದ ಮನೆಗೆ ಹೋದರು. ಮಿಸ್ಸು ಆದೇಶವನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಮನೆಗೆ ಬಂದು ಅದನ್ನು ಅಕ್ಕನ ಮುಂದೆ ಇಟ್ಟರು. ಅಕ್ಕ ಕನ್ನಡಕ ಏರಿಸಿಕೊಂಡು, ತಪ್ಪು ಹುಡುಕುವ ಹಳೆಯ ಅಭ್ಯಾಸದಲ್ಲಿ, ಬೆರಳಿಟ್ಟು ಓದಿದರು.

“ಎಲ್ಲರೂ ಮುಂದೆ ನಿಂತ್ರೆ ಹಿಂದೆ ಯಾರೇ ನಿಲ್ತಾರೆ ಪುಟ್ಟಿ?”

“ಯಾರೂ ಇಲ್ಲ ಅಕ್ಕ. ಹಿಂದೆ ಅನ್ನೋದೇ ಇರಲ್ಲ. ಒಂದೇ ಸಾಲು.”

“ಎಂಬತ್ತೊಂದು ಮಕ್ಕಳು ಒಂದೇ ಸಾಲು?”

“ಹಾಗೇ ಬರೆದಿದ್ದಾರಲ್ಲ.”

ಅಕ್ಕ ಕಾಗದವನ್ನು ಮಡಚಿ ವಾಪಸು ಕೊಟ್ಟರು. “ಬರೆದಿರೋದನ್ನ ಬರೆದ ಹಾಗೆ ಮಾಡು. ಮೂವತ್ತು ವರ್ಷ ಕೋರ್ಟಲ್ಲಿ ಕೂತಿದ್ದೀನಿ, ಅಕ್ಷರಕ್ಕೆ ಅಕ್ಷರ ನಡ್ಕೊಂಡೋರಿಗೆ ಶಿಕ್ಷೆ ಆಗಿದ್ದು ನಾನು ಟೈಪು ಮಾಡಿಲ್ಲ.”

ಇದರಲ್ಲಿ ಮಿಸ್ಸಿನ ಕೊಂಕು ಏನಾದರೂ ಇತ್ತೇ ಎಂದು ಆಮೇಲೆ ಬಹಳ ಜನ ಕೇಳಿದರು. ಇರಲಿಲ್ಲ. ಅವರಿಗೆ ಕೊಂಕು ಬರುತ್ತಿರಲಿಲ್ಲ. ಮರುದಿನ ಅಳತೆಪಟ್ಟಿ ಹಿಡಿದು ಶಾಲೆಗೆ ಹೋದರು. ಕೈಚಾಚಿ ಕುಣಿಯಲು ಮಗುವಿನಿಂದ ಮಗುವಿಗೆ ಐದು ಅಡಿ ಬೇಕು; ಎಂಬತ್ತೊಂದು ಮಕ್ಕಳ ನಡುವೆ ಎಂಬತ್ತು ಸಂದು; ನಾನೂರು ಅಡಿ. ವೇದಿಕೆ ಮೂವತ್ತು ಅಡಿ ಇತ್ತು, ಅಲ್ಲಿಗೆ ಆರು ಮಕ್ಕಳು ಮುಗಿದರು. ಸಾಲು ವೇದಿಕೆಯ ಪಕ್ಕದ ಬಾಗಿಲಿನಿಂದ ಮೆಟ್ಟಿಲು ಇಳಿಯಿತು, ತರಗತಿಗಳ ಮುಂದಿನ ಉದ್ದನೆಯ ಜಗಲಿಯಲ್ಲಿ ಸಾಗಿತು, ಆಫೀಸ್ ರೂಮಿನ ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಂತು, ಅಂಗಳ ದಾಟಿ ಗೇಟಿನಾಚೆ ಫುಟ್‌ಪಾತಿಗೆ ಹೋಗಿ ಅಂಚೆ ಡಬ್ಬಿಯ ಹತ್ತಿರ ನಿಂತಿತು. ಮಿಸ್ಸು ಪ್ರತಿ ಜಾಗಕ್ಕೂ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಸುತ್ತಿ ಅಂಕಿ ಬರೆದರು. ನಕ್ಷೆ ಬರೆದು ಹೆಡ್‌ ಮಿಸ್ಸಿಗೆ ಕೊಟ್ಟಾಗ ಅವರು ಅತಿಥಿಗಳ ಕುರ್ಚಿಗೆ ಹೊದಿಸುವ ಬಟ್ಟೆಯ ಬಣ್ಣ ಆರಿಸುವುದರಲ್ಲಿ ಮುಳುಗಿದ್ದರು. ಒಳ್ಳೆಯದು, ಒಳ್ಳೆಯದು ಎಂದು ಸಹಿ ಹಾಕಿ ಕಳಿಸಿದರು.

ಯಾರು ಎಲ್ಲಿ ನಿಲ್ಲಬೇಕೆಂದು ಚೀಟಿ ಎತ್ತಿದರು. ಡಾಕ್ಟರ ಮಗನಿಗೆ ನಲವತ್ತೆರಡು ಬಂತು, ಅಂದರೆ ಆಫೀಸ್ ರೂಮು, ಗುಮಾಸ್ತೆಯ ಮೇಜಿಗೂ ಜೆರಾಕ್ಸ್ ಮಷೀನಿಗೂ ಮಧ್ಯೆ. ಮೊದಲನೇ ಸಾಲು ಎಂದು ಅವನು ಮನೆಯಲ್ಲಿ ಹೇಳಿದ, ಅದು ಸುಳ್ಳೂ ಆಗಿರಲಿಲ್ಲ. ಮೂರನೆಯ ತರಗತಿಯ ಒಬ್ಬ ಹುಡುಗಿಗೆ ನಾಲ್ಕನೆಯ ನಂಬರು ಬಂತು, ವೇದಿಕೆಯ ನಟ್ಟನಡುವೆ. ಅವಳು ಸ್ವಲ್ಪವೂ ಹಿಗ್ಗದೆ ಕೊನೆಯ ನಂಬರು ಬಂದಿದ್ದವನ ಜೊತೆ ಅದಲು ಬದಲು ಮಾಡಿಕೊಂಡು ಬಂದಳು.

“ಯಾಕಮ್ಮ, ಸ್ಟೇಜು ಬೇಡ್ವಾ?” ಎಂದು ಮಿಸ್ಸು ಕೇಳಿದರು.

“ನಮ್ಮ ತಾತಂಗೆ ಬರೋಕಾಗಲ್ಲ ಮಿಸ್. ಇಸ್ತ್ರಿ ಪೆಟ್ಟಿಗೇಲಿ ಕೆಂಡ ಇರುತ್ತೆ, ಬಿಟ್ಟು ಬಂದ್ರೆ ಬಟ್ಟೆ ಸುಟ್ಟೋಗುತ್ತೆ. ಅಂಚೆ ಡಬ್ಬಿ ಆದ್ಮೇಲೆ ಎರಡು ಅಂಗಡಿ ಬಿಟ್ಟು ನಮ್ಮ ತಾತನ ಟೇಬಲ್ಲು.” ಆಮೇಲೆ ಅವಳು ಒಂದು ಲೆಕ್ಕ ಹೇಳಿದಳು. ಮಕ್ಕಳು ಒಬ್ಬರಿಂದೊಬ್ಬರು ಇನ್ನೊಂದು ಮುಷ್ಟಿ ದೂರ ನಿಂತರೆ ಸಾಲು ಸರಿಯಾಗಿ ತಾತನ ಮುಂದೆ ಮುಗಿಯುತ್ತಿತ್ತು. ಅವಳು ಆಗಲೇ ಎರಡು ಸಲ ನಡೆದು ಎಣಿಸಿದ್ದಳು.

ಮಿಸ್ಸು ಅಳತೆಪಟ್ಟಿ ತೆಗೆದು ನೋಡಿದರು. ಇಪ್ಪತ್ತಾರು ಅಡಿ ಚಿಲ್ಲರೆ. ಎಂಬತ್ತು ಸಂದಿಗೆ ಹಂಚಿದರೆ ತಲಾ ನಾಲ್ಕು ಇಂಚು, ಅಂದರೆ ಒಂದು ಪುಟ್ಟ ಮುಷ್ಟಿ. ಇಡೀ ಮಧ್ಯಾಹ್ನ ಕುಕ್ಕುರುಗಾಲಲ್ಲಿ ಕೂತು ಎಂಬತ್ತು ಸೊನ್ನೆಗಳನ್ನು ಅಳಿಸಿ ಮತ್ತೆ ಬರೆದರು. ಅವರ ಬೋಧನೆಯ ಬಗ್ಗೆ ಯಾರಾದರೂ ಪುಸ್ತಕ ಬರೆದರೆ ಈ ಮಧ್ಯಾಹ್ನವನ್ನು ಬಿಡಬಾರದು.

ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಹತ್ತಕ್ಕೆ ಸಭಾಂಗಣ ತುಂಬಿತು. ಮುನ್ನೂರು ಕುರ್ಚಿ. ಮೊದಲ ಕುರ್ಚಿಯಲ್ಲಿ ಮುಖ್ಯ ಅತಿಥಿ, ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು. ಅವರ ಪಕ್ಕದಲ್ಲಿ ಹಲ್ಲಿನ ಡಾಕ್ಟರು, ಮುಕ್ಕಾಲಿಯ ಮೇಲೆ ಕ್ಯಾಮೆರಾ. ಪರದೆ ಸರಿಯಿತು. ವೇದಿಕೆಯ ಮೇಲೆ ಆರು ಮಕ್ಕಳು ನಿಂತಿದ್ದರು. ನಿಂತೇ ಇದ್ದರು. ಸಂಗೀತ ಇರಲಿಲ್ಲ, ನಾನೂರು ಅಡಿ ಕೇಳುವ ಸ್ಪೀಕರು ಶಾಲೆಯಲ್ಲಿ ಇರಲಿಲ್ಲವಾದ್ದರಿಂದ ಎಲ್ಲರಿಗೂ ಒಂದೇ ನ್ಯಾಯ ಎಂದು ಮಿಸ್ಸು ಅದನ್ನು ಕೈಬಿಟ್ಟಿದ್ದರು. ಒಂದು ನಿಮಿಷವಾದ ಮೇಲೆ ಮೊದಲ ಮಗುವಿನ ಭುಜ ಎದ್ದಿತು. ಅದನ್ನು ನೋಡಿ ಎರಡನೆಯದರ ಭುಜ, ಅದನ್ನು ನೋಡಿ ಮೂರನೆಯದು. ಹೀಗೆ ಒಬ್ಬರಿಂದ ಒಬ್ಬರಿಗೆ ಹೆಜ್ಜೆ ಹರಿದು ಬಾಗಿಲಿನಾಚೆ ಹೋಯಿತು.

ಮಿಕ್ಕ ಎಪ್ಪತ್ತೈದು ಮಕ್ಕಳು ಎಲ್ಲಿ ಎಂದು ಪೋಷಕರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಒಬ್ಬ ತಾಯಿ ಎದ್ದು ಪಕ್ಕದ ಬಾಗಿಲಲ್ಲಿ ಇಣುಕಿ, ಮೆಟ್ಟಿಲ ಮೇಲೆ ತನ್ನ ಮಗನನ್ನು ಕಂಡು ಅಲ್ಲೇ ಕೂತುಬಿಟ್ಟರು. ಆಮೇಲೆ ಕುರ್ಚಿಗಳು ಸರಿಯುವ ಸದ್ದು ಶುರುವಾದದ್ದು ನಿಲ್ಲಲೇ ಇಲ್ಲ. ಅಪ್ಪಂದಿರು, ಅಮ್ಮಂದಿರು, ಅತ್ತೆ, ಮಾವ, ಅಜ್ಜಿ ಎಲ್ಲರೂ ಜಗಲಿಯುದ್ದಕ್ಕೂ ತಮ್ಮ ತಮ್ಮ ಕುಡಿಯನ್ನು ಹುಡುಕುತ್ತ ಹೊರಟರು. ಹತ್ತು ನಿಮಿಷದಲ್ಲಿ ಸಭಾಂಗಣದಲ್ಲಿ ಉಳಿದವರು ವೇದಿಕೆಯ ಆರು ಮಕ್ಕಳ ಮನೆಯವರು, ವಂದನಾರ್ಪಣೆಯಾಗುವ ತನಕ ಏಳುವಂತಿಲ್ಲದ ಮುಖ್ಯ ಅತಿಥಿ, ಮತ್ತು ಕಾರ್ಯಕ್ರಮ ಪಟ್ಟಿಯಲ್ಲಿ ಮುಂದೆ ವಾರ್ಷಿಕ ವರದಿ ಎಂದಿದ್ದುದರಿಂದ ಅದನ್ನು ಓದುತ್ತಿದ್ದ ಹೆಡ್‌ ಮಿಸ್ಸು. ಶಾಲೆಗೆ ಹೊಸದಾಗಿ ಹದಿನಾಲ್ಕು ಫ್ಯಾನು ಬಂದಿರುವುದನ್ನು ಅವರು ಖಾಲಿ ಕುರ್ಚಿಗಳಿಗೆ ತಿಳಿಸಿದರು. ಅತಿಥಿ ಒಬ್ಬರೇ ಚಪ್ಪಾಳೆ ತಟ್ಟಿದರು.

ಡಾಕ್ಟರು ಮುಕ್ಕಾಲಿಯನ್ನು ಹೆಗಲ ಮೇಲೆ ಹೊತ್ತು ಆಫೀಸ್ ರೂಮು ತಲುಪಿದಾಗ ಅವರ ಮಗ ಜೆರಾಕ್ಸ್ ಮಷೀನಿನ ಪಕ್ಕದಲ್ಲಿ ಎರಡೂ ಕೈ ಚಾಚಿ ನಿಧಾನವಾಗಿ ನೆಲಕ್ಕೆ ಬೀಳುತ್ತಿದ್ದ. ಗುಮಾಸ್ತೆ ಅವನಿಗೆ ಅಡ್ಡವಾಗದಂತೆ ಕಾಲು ಮೇಲೆತ್ತಿಕೊಂಡು ರಿಜಿಸ್ಟರು ಬರೆಯುತ್ತಿದ್ದರು. ಡಾಕ್ಟರನ್ನು ಕಂಡದ್ದೇ, ಹೇಗೂ ಬಂದಿದ್ದೀರಲ್ಲ ಎಂದು, ಮಕ್ಕಳ ಹಲ್ಲಿನ ತಪಾಸಣೆಯ ಬಾಕಿ ಫಾರಂಗಳನ್ನು ಸಹಿಗೆ ಮುಂದಿಟ್ಟರು. ಡಾಕ್ಟರು ಪೆನ್ನು ಹಿಡಿದರು. ಆದರೆ ಕಣ್ಣು ಮಗನ ಮೇಲೆಯೇ ಇತ್ತು. ಮಗ ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಅವನ ದೃಷ್ಟಿ ಬಾಗಿಲ ಬಳಿ ನಿಂತಿದ್ದ ನಲವತ್ತೊಂದನೆಯವಳ ಭುಜದ ಮೇಲೆ ನೆಟ್ಟಿತ್ತು.

ಹೊರಗೆ ಇನ್ನೊಂದು ಫಜೀತಿ. ಮಧ್ಯಾಹ್ನದ ಊಟಕ್ಕೆಂದು ಬ್ರೆಡ್ಡು ತಂದ ವ್ಯಾನು ಗೇಟಿನಲ್ಲಿ ನುಗ್ಗಿ ಅರವತ್ತನೆಯ ಮಗುವಿಗೂ ಅರವತ್ತೊಂದನೆಯ ಮಗುವಿಗೂ ಅಡ್ಡ ನಿಂತಿತು. ಭುಜ ಕಾಣದಿದ್ದ ಮೇಲೆ ಏನು ಮಾಡಬೇಕು? ನಿಲ್ಲಬೇಕು. ಅರವತ್ತೊಂದರಿಂದ ಎಂಬತ್ತೊಂದರವರೆಗಿನ ಮಕ್ಕಳು ರಸ್ತೆಯಲ್ಲಿ ಅಲುಗಾಡದೆ ನಿಂತುಬಿಟ್ಟರು. ಮೂರು ತಿಂಗಳು ಕಲಿತದ್ದು ದಂಡವಾಗಲಿಲ್ಲ. ನೊಣ ಕೂತರೂ ಒಬ್ಬರೂ ಮಿಸುಕಲಿಲ್ಲ. ನಡೆದು ಹೋಗುತ್ತಿದ್ದವರು, ಇದೇನೋ ಮೌನಾಚರಣೆ ಇರಬೇಕು ಎಂದುಕೊಂಡು, ಚಪ್ಪಲಿ ಬಿಟ್ಟು ತಾವೂ ನಿಂತರು. ಬಸ್ಸೊಂದು ನಿಂತಿತು. ಯಾರು ಹೋದರು ಎಂದು ಕಂಡಕ್ಟರು ಇಳಿದು ಪಿಸುದನಿಯಲ್ಲಿ ವಿಚಾರಿಸಿದರು. ಅಂಚೆ ಡಬ್ಬಿಯ ಬಳಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದ ಅಕ್ಕ, ಯಾರೂ ಹೋಗಿಲ್ಲ, ವ್ಯಾನು ಬಂದಿದೆ ಅಷ್ಟೇ ಎಂದು ಉತ್ತರಿಸಿದರು.

ಮಿಸ್ಸು ಸಾಲಿನ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದರು. ಒಂದು ಕಡೆ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು, ಬರಿಗಾಲಲ್ಲಿ ಓಡಿದರು. ವ್ಯಾನಿನವನಿಗೆ ಕೈಮುಗಿದು ಹಿಂದೆ ಹೋಗಲು ಹೇಳುವ ಹೊತ್ತಿಗೆ ನಾಲ್ಕು ನಿಮಿಷ ಕಳೆದಿತ್ತು. ಅಷ್ಟರಲ್ಲಿ ಒಳಗೆ ವೇದಿಕೆಯ ಮಕ್ಕಳು ನೃತ್ಯ ಮುಗಿಸಿ ನಮಸ್ಕರಿಸಿ ಆಗಿತ್ತು. ಅಲ್ಲಿ ಮುಗಿದದ್ದು ಇಲ್ಲಿ ಇನ್ನೂ ಶುರುವಾಗಬೇಕಿತ್ತು. ಬೇರೆ ಯಾವ ಟೀಚರಾದರೂ ಇಲ್ಲಿಗೆ ಸಾಕು ಎನ್ನುತ್ತಿದ್ದರೇನೋ. ಮಿಸ್ಸು ಅರವತ್ತೊಂದನೆಯವನ ಪಕ್ಕ ತಾವೇ ನಿಂತು, ಮೊದಲಿನಿಂದ, ಒಂದೊಂದೇ ಹೆಜ್ಜೆಯನ್ನು ಅವನಿಗೆ ದಾಟಿಸಿದರು. ಐವತ್ತಮೂರರ ಮೊಣಕಾಲು ಸದ್ದು ಮಾಡಿತು. ಬೀಳುವ ಜಾಗದಲ್ಲಿ ಬಿದ್ದರು. ಬಸ್ಸಿನ ಕಿಟಕಿಯಿಂದ ಯಾರೋ ಅಯ್ಯೋ ಪಾಪ ಎಂದದ್ದು ಕೇಳಿಸಿತು.

ಸಾಲಿನ ತುದಿಗೆ ನೃತ್ಯ ಮುಟ್ಟುವ ಹೊತ್ತಿಗೆ ಶಾಲೆಯಲ್ಲಿ ವಂದನಾರ್ಪಣೆಯೂ ಮುಗಿದು, ಮುಖ್ಯ ಅತಿಥಿಗಳು ಕಾಣಿಕೆಯ ಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು ಗೇಟಿಗೆ ಬಂದಿದ್ದರು. ತಮ್ಮ ಮಕ್ಕಳ ಪಾಳಿ ಮುಗಿದ ಪೋಷಕರೆಲ್ಲ ಹೆಜ್ಜೆಯ ಬೆನ್ನು ಹಿಡಿದು ಅಲ್ಲಿಗೇ ಬಂದು ಸೇರಿದ್ದರು. ಹಾಗಾಗಿ ಯಾರಿಗೂ ಬೇಡವಾಗಿದ್ದ ಎಂಬತ್ತೊಂದನೆಯ ಜಾಗಕ್ಕೆ ಐನೂರು ಜನ ಪ್ರೇಕ್ಷಕರು. ಹುಡುಗಿ ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ಎಂಬತ್ತನೆಯವನ ಭುಜ ನೋಡಿಕೊಂಡು, ತಾತನ ಮೇಜಿನ ಮುಂದೆ ಕುಣಿದಳು. ತಾತ ಇಸ್ತ್ರಿ ಪೆಟ್ಟಿಗೆಯನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಕೊನೆಯವರೆಗೂ ನೋಡಿದರು. ಅವರು ಯಾರದೋ ಶರಟನ್ನು ಉಳಿಸಬೇಕಿತ್ತು, ಮೊಮ್ಮಗಳನ್ನು ನೋಡಬೇಕಿತ್ತು, ಎರಡನ್ನೂ ಮಾಡಿದರು. ಸಂಜೆ ತನಕ ಅವರ ಬಲಗೈ ನಡುಗುತ್ತಿತ್ತಂತೆ.

ಸೋಮವಾರ ವಿಚಾರಣೆಯಾಯಿತು. ಹೆಡ್‌ ಮಿಸ್ಸು ಕಾರಣ ಕೇಳಿ ನೋಟೀಸು ಕೊಟ್ಟಿದ್ದರು. ಅಕ್ಕ ಮೂರು ಪ್ರತಿಗಳಲ್ಲಿ ಉತ್ತರ ಟೈಪು ಮಾಡಿದ್ದರು. ಆದೇಶ ಒಂದನೇ ಲಗತ್ತು, ಸಹಿ ಇರುವ ನಕ್ಷೆ ಎರಡನೇ ಲಗತ್ತು. ಹೆಡ್‌ ಮಿಸ್ಸು ತಮ್ಮ ಸಹಿಯನ್ನು ಬೆಳಕಿಗೆ ಹಿಡಿದು ನೋಡಿ ಒಂದು ಮಾತ್ರೆ ನುಂಗಿದರು. ಪೋಷಕರ ಸಂಘದ ಪರವಾಗಿ ಬಂದ ಡಾಕ್ಟರು ಗಂಟಲು ಸರಿಮಾಡಿಕೊಂಡು, ಶಿಸ್ತು, ಸಂಚಾರ ವ್ಯವಸ್ಥೆ, ಮುಖ್ಯ ಅತಿಥಿಗಳ ಗೌರವ ಎಲ್ಲದರ ಬಗ್ಗೆ ಮಾತಾಡಿದರು. ಕಟ್ಟಕಡೆಗೆ ದನಿ ತಗ್ಗಿಸಿ, ಮುಂದಿನ ವರ್ಷವೂ ತಮ್ಮ ಮಗನಿಗೆ ಆಫೀಸ್ ರೂಮೇ ಸಿಗುವ ಹಾಗೆ ನೋಡಿಕೊಳ್ಳಬಹುದೇ ಎಂದು ಕೇಳಿದರು. ವೇದಿಕೆ ಹತ್ತಿದಾಗಲೆಲ್ಲ ಅವನು ಅಪ್ಪನ ಮುಖ ನೋಡಿ ನೋಡಿ ಹೆಜ್ಜೆ ತಪ್ಪುತ್ತಿದ್ದನಂತೆ. ಈ ಸಲ ಒಮ್ಮೆಯೂ ನೋಡಲಿಲ್ಲವಂತೆ.

ಹೆಡ್‌ ಮಿಸ್ಸು ಕಡತಕ್ಕೆ ಒಂದು ವರದಿ ಬರೆಯಬೇಕಿತ್ತು: ನೃತ್ಯ ಹೇಗಿತ್ತು? ಆಗ ಒಂದು ವಿಚಿತ್ರ ಸಂಗತಿ ಬಯಲಾಯಿತು. ನೃತ್ಯವನ್ನು ಯಾರೂ ನೋಡಿರಲಿಲ್ಲ. ಪ್ರತಿಯೊಬ್ಬರೂ ಒಂದು ಮಗು, ಎರಡು ಮಗು, ಹೆಚ್ಚೆಂದರೆ ಐದು ಮಕ್ಕಳನ್ನು ನೋಡಿದ್ದರು. ಮಿಸ್ಸೂ ನೋಡಿರಲಿಲ್ಲ, ಓಡಿದವರು ನೋಡುವುದೆಲ್ಲಿಂದ ಬಂತು. ಏಳು ತಿಂಗಳು ಕಲಿಸಿದ್ದು ಹೇಗೆ ಕಂಡಿತೆಂದು ಹೇಳುವವರು ಒಬ್ಬರೂ ಇಲ್ಲವೇ? ಎದುರು ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಆವತ್ತು ಯಾರೋ ಪ್ಲಂಬರ್ ಇದ್ದ ಎಂದು ಗುಮಾಸ್ತೆ ಸುಮ್ಮನೆ ಒಂದು ಮಾತು ಹೇಳಿದರು.

ಮಿಸ್ಸು ಎರಡು ದಿನ ಪ್ಲಂಬರನ್ನು ಹುಡುಕಿದರು. ಗುರುವಾರ ಒಂದು ಬೇಕರಿಯ ಅಡುಗೆಮನೆಯಲ್ಲಿ ಸಿಕ್ಕಿದ. ಸಿಕ್ಕಿದ್ದು ಅವನ ಎರಡು ಕಾಲು. ಉಳಿದ ಭಾಗ ಸಿಂಕಿನ ಕೆಳಗಿತ್ತು. ಮಿಸ್ಸು ಮೈದಾ ಮೂಟೆಯ ಮೇಲೆ ಕೂತು ಕಾಲುಗಳಿಗೆ ತಮ್ಮ ಪರಿಚಯ ಹೇಳಿಕೊಂಡರು.

“ನೋಡಿದೆ ಮೇಡಂ,” ಎಂದು ಸಿಂಕಿನ ಕೆಳಗಿಂದ ದನಿ ಬಂತು. “ಪೂರ್ತಿ ನೋಡಿದೆ, ಹಾಲಿಂದು ಆಫೀಸಿಂದು ಕಿಟಕಿ ಎಲ್ಲ ತೆಗೆದೇ ಇತ್ತು. ಪೈಪಲ್ಲಿ ಗಾಳಿ ಸೇರ್ಕೊಂಡಿದ್ದಾಗ ನೀರು ಬಿಟ್ರೆ, ತಳ್ಕೊಂಡು ತಳ್ಕೊಂಡು ಹೋಗುತ್ತಲ್ಲ, ಹಾಗಿತ್ತು. ನೀರು ಕಾಣಲ್ಲ, ಹೋಗೋದು ಗೊತ್ತಾಗುತ್ತೆ.”

ಮಿಸ್ಸು ಮೂಟೆಯ ಮೇಲೆ ಇನ್ನಷ್ಟು ಮುಂದಕ್ಕೆ ಸರಿದು ಕೂತರು.

“ಒಂದು ಕಡೆ ಲೀಕ್ ಇತ್ತು,” ಎಂದ ಪ್ಲಂಬರ್. “ಜಗಲೀಲಿ, ಕನ್ನಡಕದ ಹುಡುಗ ಒಬ್ಬ. ಮಧ್ಯೆ ಮೂಗು ತುರಿಸ್ಕೊಂಡ.”

“ಆಮೇಲೆ?”

“ಆಮೇಲೇನು, ಅವನ ಮುಂದಿನೋರೂ ಎಲ್ಲ ವರಸೆಯಾಗಿ ಮೂಗು ತುರಿಸ್ಕೊಂಡ್ರು. ಗೇಟಿನ ತನಕ ಹೋಯ್ತು ಅದು. ನಾನು ಅದೂ ಡ್ಯಾನ್ಸೇ ಅಂದ್ಕೊಂಡೆ.”

ಮಿಸ್ಸು ನಕ್ಕರು. ಮೂಟೆಯಿಂದ ಮೈದಾ ಪುಡಿ ಎದ್ದು ಸೀರೆಯ ಮೇಲೆಲ್ಲ ಕೂರುವಷ್ಟು ನಕ್ಕರು. ಬೇಕರಿಯವರು ಒಲೆಯ ಬಳಿಯಿಂದ ತಿರುಗಿ ನೋಡಿದರು. ಸಿಂಕಿನ ಕೆಳಗಿಂದ ಕಪ್ಪು ಗ್ರೀಸು ಮೆತ್ತಿದ ಒಂದು ಕೈ ಹೊರಬಂದು ಒಂದು ಟಾರ್ಚನ್ನು ಮಿಸ್ಸಿನತ್ತ ಚಾಚಿತು.

“ಸ್ವಲ್ಪ ಇದನ್ನ ಹಿಡ್ಕೋತೀರಾ ಮೇಡಂ? ಒಳಗಡೆ ಕತ್ತಲೆ.”

ಮಿಸ್ಸು ಮೂಟೆಯಿಂದ ಇಳಿದು ಒದ್ದೆ ನೆಲದ ಮೇಲೆ ಮಂಡಿಯೂರಿ, ನಲ್ಲಿಯ ತಿರುಪಿನ ಮೇಲೆ ಬೆಳಕು ಬೀಳುವ ಹಾಗೆ ಟಾರ್ಚು ಹಿಡಿದರು. ಮೊದಲ ಮಗುವಿನಿಂದ ಇನ್ನೊಂದು ಸಲ ಹೇಳಿ, ಏನೂ ಬಿಡಬೇಡಿ, ಎಂದು ಕೇಳಿಕೊಂಡರು.